ಜೆಕ್ ದೇಶದಲ್ಲಿ ನಿಧಾನ ಸುತ್ತಾಟ: ರೈಲು ಟಿಕೆಟ್ ಎಷ್ಟು ದಿನ ಮುಂಚೆ ಬುಕ್ ಮಾಡಬೇಕು?

ಪ್ರಶ್ನೆ: ನಾನು, ನನ್ನ ಹೆಂಡತಿ, ಅಪ್ಪ, ಅಮ್ಮ ಮೇ ತಿಂಗಳಲ್ಲಿ ಹತ್ತು ದಿನ ಜೆಕ್ ಗಣರಾಜ್ಯಕ್ಕೆ ಹೋಗುತ್ತಿದ್ದೇವೆ. ಕಾರು ಬೇಡ, ರೈಲು ಬಸ್ಸುಗಳಲ್ಲೇ ನಿಧಾನವಾಗಿ ಓಡಾಡೋಣ ಎಂದುಕೊಂಡಿದ್ದೇವೆ. ಟಿಕೆಟ್‌ಗಳನ್ನೆಲ್ಲ ಎಷ್ಟು ದಿನ ಮುಂಚೆ ಬುಕ್ ಮಾಡಬೇಕು?

ಉತ್ತರ: ಬಹುಪಾಲು ಟಿಕೆಟ್‌ಗಳನ್ನು ಮುಂಚೆ ಬುಕ್ ಮಾಡಲೇಬೇಡಿ. ಹೊರಡುವ ದಿನ ಬೆಳಿಗ್ಗೆ ತಿಂಡಿ ಮುಗಿಸಿ, ಕಿಟಕಿಯಿಂದ ಆಕಾಶ ನೋಡಿ, ನಿಲ್ದಾಣಕ್ಕೆ ನಡೆದು ಹೋಗಿ ಕೊಳ್ಳಿ.

ಈ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಓದಿದವರು ಧನ್ಯವಾದ ಹೇಳುತ್ತಾರೆ. ವಾರ ಕಳೆಯುವಷ್ಟರಲ್ಲಿ ಹನ್ನೊಂದು ಟಿಕೆಟ್‌ಗಳ ಪಟ್ಟಿ ಕಳುಹಿಸಿ, 'ಎಲ್ಲ ಬುಕ್ ಆಗಿದೆ, ಒಮ್ಮೆ ನೋಡಿ' ಎನ್ನುತ್ತಾರೆ. ನೋಡಿದರೆ ಮೂವತ್ತು ಕಿಲೋಮೀಟರ್ ದೂರದ ಊರಿಗೂ ಎರಡು ತಿಂಗಳ ಮುಂಚೆ, ಇಂಥದೇ ರೈಲು, ಇಷ್ಟೇ ಹೊತ್ತಿಗೆ ಎಂದು ಕಾಯ್ದಿರಿಸಿರುತ್ತಾರೆ. ಆದ್ದರಿಂದ ಈ ಸಲ ಬುಡದಿಂದಲೇ ಹೇಳುತ್ತೇನೆ.

ತೊಂದರೆಯ ಮೂಲ 'ಟಿಕೆಟ್' ಎಂಬ ಪದದಲ್ಲಿದೆ. ನಮ್ಮಲ್ಲಿ ದೂರದ ರೈಲಿನ ಟಿಕೆಟ್ ಎಂದರೆ ಸೀಟು ಅಥವಾ ಬರ್ತ್. ಇರುವ ಬರ್ತ್‌ಗಳು ಇಷ್ಟೇ, ಕೇಳುವವರು ಅದರ ಎರಡರಷ್ಟು. ಹಾಗಾಗಿ ವೇಟಿಂಗ್ ಲಿಸ್ಟ್, ತತ್ಕಾಲ್, ಬೆಳಿಗ್ಗೆ ಹತ್ತಕ್ಕೆ ಐಆರ್‌ಸಿಟಿಸಿ ತೆರೆದು ಉಸಿರು ಬಿಗಿಹಿಡಿದು ಕೂರುವುದು ಎಲ್ಲವೂ ನಮಗೆ ಮೈಗೂಡಿವೆ. ಜೆಕ್ ರೈಲಿನಲ್ಲಿ ಟಿಕೆಟ್ ಬೇರೆ, ಸೀಟು ಬೇರೆ. ಟಿಕೆಟ್ ಎಂದರೆ ಈ ಊರಿನಿಂದ ಆ ಊರಿಗೆ ಹೋಗುವ ಹಕ್ಕು, ಅಷ್ಟೇ. ಸೀಟು ಕಾಯ್ದಿರಿಸುವ ಚೀಟಿಗೆ 'ಮೀಸ್ತೆಂಕಾ' ಎಂಬ ಪ್ರತ್ಯೇಕ ಹೆಸರೇ ಇದೆ, ಬೇಕಾದವರು ಅದನ್ನು ಬೇರೆಯಾಗಿ ಕೊಳ್ಳುತ್ತಾರೆ. ರಾಷ್ಟ್ರೀಯ ರೈಲು ಸಂಸ್ಥೆಯಾದ ಚೆಸ್ಕೆ ದ್ರಾಹಿಯ ಸಾಮಾನ್ಯ ಟಿಕೆಟ್ ಕೊಂಡರೆ ಆ ದಿನ ಆ ದಾರಿಯಲ್ಲಿ ಅದೇ ಸಂಸ್ಥೆಯ ಹತ್ತು ಗಂಟೆಯ ರೈಲನ್ನೂ ಹತ್ತಬಹುದು, ಹನ್ನೆರಡರದನ್ನೂ ಹತ್ತಬಹುದು. ಅಂಥ ಟಿಕೆಟ್‌ಗಳು 'ಖಾಲಿಯಾಗುವುದು' ಎಂಬುದಿಲ್ಲ. ಊರೂರಿಗೆ ನಿಲ್ಲುವ ಸಣ್ಣ ರೈಲುಗಳಲ್ಲಂತೂ ಸೀಟು ಕಾಯ್ದಿರಿಸುವ ಮಾತೇ ಇಲ್ಲ.

ಇದು ನಮಗೆ ಗೊತ್ತಿಲ್ಲದ ಸಂಗತಿಯೂ ಅಲ್ಲ. ತುಮಕೂರಿನಿಂದ ಶಿರಾಕ್ಕೆ ಹೋಗಲು ಕೆಂಪು ಬಸ್ಸಿನ ಟಿಕೆಟ್ಟನ್ನು ಯಾರಾದರೂ ಎರಡು ತಿಂಗಳ ಮುಂಚೆ ಕೊಳ್ಳುತ್ತಾರೆಯೇ? ನಿಲ್ದಾಣಕ್ಕೆ ಹೋಗುತ್ತೇವೆ, ಬಂದ ಬಸ್ಸು ಹತ್ತುತ್ತೇವೆ. ಜೆಕ್ ರೈಲನ್ನು ಹಾಗೆಯೇ ಭಾವಿಸಿ. ಟಿಕೆಟ್ ಕಿಟಕಿ ಮುಚ್ಚಿರುವ ಸಣ್ಣ ನಿಲ್ದಾಣದಿಂದ ಹತ್ತಿದರೆ ರೈಲಿನೊಳಗೆ ಕಂಡಕ್ಟರ್ ಬಳಿಯೇ ದಂಡವಿಲ್ಲದೆ ಟಿಕೆಟ್ ಕೊಳ್ಳಬಹುದು.

'ಮುಂಚೆ ಕೊಂಡರೆ ಅಗ್ಗವಲ್ಲವೇ?' ಎಂಬ ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ. ದೂರದ ಕೆಲವು ರೈಲುಗಳಲ್ಲಿ ಹೌದು. ಆದರೆ ಆ ಅಗ್ಗದ ಟಿಕೆಟ್ ಆ ಒಂದೇ ರೈಲಿಗೆ ಕಟ್ಟುಬಿದ್ದಿರುತ್ತದೆ. ನನಗೆ ಪರಿಚಯದ ಕುಟುಂಬವೊಂದು ಹೀಗೆಯೇ ಎಲ್ಲವನ್ನೂ ಮುಂಚೆ ಕೊಂಡಿತ್ತು. ಚೆಸ್ಕಿ ಕ್ರುಮ್ಲೊವ್‌ನಲ್ಲಿ ಎರಡು ದಿನ ಬಿಡದೆ ಮಳೆ. ಮೂರನೆಯ ದಿನ ಮೋಡ ಸರಿದು ಎಳೆಬಿಸಿಲು ಬಿತ್ತು, ಹೊಳೆಯ ತಿರುವಿನಲ್ಲಿ ಕೋಟೆಯ ಗೋಪುರ ಹೊಳೆಯತೊಡಗಿತು. ಅವರು ಆ ಹೊತ್ತಿಗೆ ಪೆಟ್ಟಿಗೆ ಎಳೆದುಕೊಂಡು ಊರ ಮೇಲಿನ ಗುಡ್ಡದಲ್ಲಿರುವ ರೈಲು ನಿಲ್ದಾಣದ ಕಡೆ ಓಡುತ್ತಿದ್ದರು. ನಿಧಾನವಾಗಿ ಸುತ್ತಬೇಕೆಂದು ಹೊರಟವರನ್ನು ಓಡಿಸಿದ್ದು ಉಳಿಸಿದ ಒಂದಿಷ್ಟು ಕೊರುನಾ, ಅಂದರೆ ಅಲ್ಲಿನ ಹಣ. ನನಗೆ ಇಂದಿಗೂ ಅದು ಹೊಟ್ಟೆ ಉರಿಯುವ ಸಂಗತಿ.

ಮುಂಚೆ ಕೊಳ್ಳಲೇಬೇಕಾದ ಸಂದರ್ಭಗಳೂ ಇವೆ. ವೇಳಾಪಟ್ಟಿಯಲ್ಲಿ ಎಸ್‌ಸಿ (ಸೂಪರ್‌ಸಿಟಿ) ಎಂದು ನಮೂದಿಸಿರುವ ಪೆಂಡೊಲಿನೊ ಎಂಬ ವೇಗದ ರೈಲಿಗೆ ಸೀಟು ಕಾಯ್ದಿರಿಸುವುದು ಕಡ್ಡಾಯ. ಖಾಸಗಿಯವರಾದ ರೆಜಿಯೊಜೆಟ್‌ನ ದೂರದ ರೈಲು ಬಸ್ಸುಗಳಲ್ಲಿ ಸೀಟು ಸೇರಿಯೇ ಟಿಕೆಟ್, ಅದು ಖಾಲಿಯಾಗುತ್ತದೆ. ಶುಕ್ರವಾರ ಸಂಜೆ, ಭಾನುವಾರ ಸಂಜೆ ವಿದ್ಯಾರ್ಥಿಗಳೂ ಕೆಲಸದವರೂ ಊರಿಗೆ ಹೋಗಿ ಬರುವ ಹೊತ್ತು. ಆಗ ದೂರದ ರೈಲಿಗೆ ಮೀಸ್ತೆಂಕಾ ಕೊಂಡುಕೊಳ್ಳಿ, ಹಿರಿಯರನ್ನು ನಿಲ್ಲಿಸಬೇಡಿ. ಹಿರಿಯರೆಂದ ಮೇಲೆ ಇನ್ನೊಂದು ಮಾತು: 65 ತುಂಬಿದವರಿಗೆ ದೇಶದೊಳಗಿನ ರೈಲು ಬಸ್ಸುಗಳಲ್ಲಿ ಅರ್ಧ ದರ. ಅಪ್ಪ ಅಮ್ಮನ ಪಾಸ್‌ಪೋರ್ಟ್ ಕೈಗೆ ಸಿಗುವ ಹಾಗಿರಲಿ.

ಇನ್ನು ಹತ್ತು ದಿನದ ಯೋಜನೆ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿ.ಮೀ., ಜೆಕ್ ದೇಶದ್ದು 78,871. ಅಷ್ಟು ಪುಟ್ಟ ನೆಲದಲ್ಲಿ ಸುಮಾರು 9,400 ಕಿ.ಮೀ. ರೈಲು ದಾರಿಯಿದೆ. 1880ರಲ್ಲಿ ಆಸ್ಟ್ರಿಯಾದ ಆಳ್ವಿಕೆ ಸ್ಥಳೀಯ ರೈಲು ದಾರಿಗಳಿಗೆ ನೆರವು ನೀಡುವ ಕಾನೂನು ತಂದಿತು. ಆಮೇಲೆ ಸಕ್ಕರೆ ಕಾರ್ಖಾನೆ, ಗಣಿ, ಸಂತೆಯೂರು ಎಲ್ಲವೂ ತಮ್ಮ ಬಾಗಿಲಿಗೆ ಹಳಿ ತರಿಸಿಕೊಂಡವು. ಆದ್ದರಿಂದ ದಿನಕ್ಕೊಂದು ಹೋಟೆಲ್ ಬದಲಿಸಬೇಕಿಲ್ಲ. ಪ್ರಾಗ್ ಮೂರು ರಾತ್ರಿ, ತಾಬೊರ್ ಮೂರು, ಒಲೊಮೌತ್ಸ್ ಮೂರು. ಪೆಟ್ಟಿಗೆಗಳು ಕೋಣೆಯಲ್ಲಿರಲಿ, ನೀವು ಕೈಚೀಲ ಹಿಡಿದು ಹೊರಡಿ.

ತಾಬೊರ್ 1420ರಲ್ಲಿ ಹುಸ್ ಪಂಥದವರು, ಅಂದರೆ ಯಾನ್ ಹುಸ್ ಎಂಬ ಕ್ರೈಸ್ತ ಧರ್ಮಸುಧಾರಕನ ಅನುಯಾಯಿಗಳು, ಕಟ್ಟಿದ ಊರು. ಪ್ರಾಗ್‌ನಿಂದ ಒಂದೂವರೆ ಗಂಟೆಯೊಳಗಿನ ದಾರಿ. ಅಲ್ಲಿಂದ ಬೆಖಿನ್ಯೆ ಎಂಬ ಸಣ್ಣ ಊರಿಗೆ ಒಂದು ಮಾರ್ಗವಿದೆ. ಫ್ರಾಂಟಿಶೆಕ್ ಕ್ರಿಜಿಕ್ ಎಂಬ ಎಂಜಿನಿಯರ್ 1903ರಲ್ಲಿ ಅಲ್ಲಿ ವಿದ್ಯುತ್ ರೈಲು ಓಡಿಸಿದ. 24 ಕಿ.ಮೀ. ದಾರಿಗೆ ಮುಕ್ಕಾಲು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಹೊಲ, ಕೆರೆ, ಕಾಡು, ಹೆಂಚಿನ ಮನೆ, ಮತ್ತೆ ಹೊಲ. ಕೊನೆಗೆ ಬೆಖಿನ್ಯೆಯ ಹೊಸ್ತಿಲಲ್ಲಿ ಲುಜ್ನಿತ್ಸೆ ನದಿಯ ಕಣಿವೆ ಬಾಯಿ ತೆರೆಯುತ್ತದೆ. ಅದನ್ನು ದಾಟಲು 1928ರ ಕಾಂಕ್ರೀಟ್ ಕಮಾನು ಸೇತುವೆ, ಊರವರು ಅದನ್ನು 'ಕಾಮನಬಿಲ್ಲು' ಎನ್ನುತ್ತಾರೆ. ಕಾರುಗಳಿಗೂ ರೈಲಿಗೂ ಒಂದೇ ಸೇತುವೆ, ಹಳಿ ರಸ್ತೆಯಲ್ಲೇ ಹುದುಗಿದೆ. ರೈಲು ವೇಗ ತಗ್ಗಿಸಿ ಸೇತುವೆಗೆ ಕಾಲಿಟ್ಟಾಗ ಕಿಟಕಿಯ ಕೆಳಗೆ ನೆಲ ಜಾರಿಹೋಗಿ ಮರಗಳ ನೆತ್ತಿ ಮಾತ್ರ ಕಾಣುತ್ತದೆ.

ಒಲೊಮೌತ್ಸ್‌ನಲ್ಲಿ 1754ರಲ್ಲಿ ಮುಗಿದ 35 ಮೀಟರ್ ಎತ್ತರದ ಪವಿತ್ರ ತ್ರಿತ್ವ (ಹೋಲಿ ಟ್ರಿನಿಟಿ) ಸ್ತಂಭವಿದೆ, ಸುತ್ತಾಡಲು ಟ್ರ್ಯಾಮ್ ಇದೆ. ಅಲ್ಲಿಂದ ಒಂದು ದಿನ ಕ್ರೊಮ್ಯೆರ್ಜಿಶ್‌ನ ಉದ್ಯಾನಗಳಿಗೆ ಹೋಗಿ ಬನ್ನಿ. ಹುಲೀನ್‌ನಲ್ಲಿ ರೈಲು ಬದಲಿಸಬೇಕು. ಮಧ್ಯೆ ಆರೇಳು ನಿಮಿಷ ಮಾತ್ರ ಇದೆ ಎಂದು ಗಾಬರಿಯಾಗಬೇಡಿ, ವೇಳಾಪಟ್ಟಿಯನ್ನು ಹಾಗೆ ಜೋಡಿಸಿರುವುದೇ ಬದಲಿಸುವವರಿಗಾಗಿ. ಗೊಂದಲವಾಗುವುದು ಫಲಕದಲ್ಲಿರುವ ಎರಡು ಸಂಖ್ಯೆಗಳಿಂದ: 'ನಾಸ್ತುಪಿಶ್ತ್ಯೆ' ಎಂದರೆ ಪ್ಲಾಟ್‌ಫಾರಂ, 'ಕೊಲೆಯ್' ಎಂದರೆ ಹಳಿ. ಎರಡನ್ನೂ ನೋಡಿ.

ನನಗೆ ಬರುವ ಪತ್ರಗಳಲ್ಲಿ ಬುಕಿಂಗ್ ಬಗ್ಗೆ ನೂರು ಪ್ರಶ್ನೆಗಳಿರುತ್ತವೆ. ನಿಜವಾಗಿ ಕೇಳಬೇಕಾದದ್ದನ್ನು ಯಾರೂ ಕೇಳುವುದಿಲ್ಲ: ಆ ದಿನ ಬಸ್ಸು ಇದೆಯೇ? ಹಳ್ಳಿಯ ಬಸ್ ನಿಲ್ದಾಣದಲ್ಲಿ ಅಂಟಿಸಿದ ಕಾಗದದಲ್ಲಿ ಹೊತ್ತಿನ ಪಕ್ಕ ಅಡ್ಡಹಾಕಿದ ಎರಡು ಪುಟ್ಟ ಸುತ್ತಿಗೆಗಳ ಚಿತ್ರವಿದ್ದರೆ ಅದು ಕೆಲಸದ ದಿನ ಮಾತ್ರ ಓಡುವ ಬಸ್ಸು. ಶಿಲುಬೆ ಇದ್ದರೆ ಭಾನುವಾರ ಮತ್ತು ರಜಾದಿನ. ಒಂದು ಶನಿವಾರ ಮಧ್ಯಾಹ್ನ ಸುತ್ತಿಗೆಗಳನ್ನು ಗಮನಿಸದೆ ನಾನು ಮುಕ್ಕಾಲು ಗಂಟೆ ನಿಂತಿದ್ದೆ. ಆಲೂಗಡ್ಡೆ ಹೊಲದಲ್ಲಿದ್ದ ಅಜ್ಜಿಯೊಬ್ಬರು ಬೇಲಿಯ ತನಕ ಬಂದು, ಕಾಗದದ ಮೇಲೆ ಬೆರಳಿಟ್ಟು ತಲೆ ಅಲ್ಲಾಡಿಸಿದರು. ಮೇ ತಿಂಗಳಲ್ಲಿ ಹೋಗುವವರು 1 ಮತ್ತು 8ನೇ ತಾರೀಖು ಸರ್ಕಾರಿ ರಜೆ ಎಂಬುದನ್ನು ನೆನಪಿಡಿ. 'ಇಡೊಸ್' ಎಂಬ ವೇಳಾಪಟ್ಟಿ ಆ್ಯಪ್‌ನಲ್ಲಿ ಹೋಗುವ ತಾರೀಖು ಹಾಕಿ ಹುಡುಕಿದರೆ ದೇಶದ ರೈಲು, ಬಸ್ಸು ಒಟ್ಟಿಗೆ ಕಾಣುತ್ತವೆ. 'ವೀಲುಕಾ' ಎಂಬ ಪದ ಕಂಡರೆ ಹಳಿಯ ಕೆಲಸ ನಡೆದಿದೆ, ಅಷ್ಟು ದೂರ ಬದಲಿ ಬಸ್ಸು ಎಂದು ತಿಳಿಯಿರಿ. ಸಣ್ಣ ರೈಲು ಕೆಲವು ನಿಲ್ದಾಣಗಳಲ್ಲಿ ಕೇಳಿದರೆ ಮಾತ್ರ ನಿಲ್ಲುತ್ತದೆ. ಒಳಗಿದ್ದರೆ ಗುಂಡಿ ಒತ್ತಿ, ಹೊರಗಿದ್ದರೆ ಚಾಲಕನಿಗೆ ಕಾಣುವಂತೆ ನಿಲ್ಲಿ.

ನೀವು ಕೇಳದಿದ್ದರೂ ನಡಿಗೆಯ ಬಗ್ಗೆ ಹೇಳದೆ ಇರಲಾರೆ. ಕಾರಿನಲ್ಲಿ ಹೋದವರು ಎಷ್ಟು ದೂರ ನಡೆದರೂ ಕಾರು ನಿಲ್ಲಿಸಿದಲ್ಲಿಗೇ ಮರಳಬೇಕು. ರೈಲಿನಲ್ಲಿ ಹೋದವರು ಒಂದು ನಿಲ್ದಾಣದಲ್ಲಿ ಇಳಿದು, ಕಾಡೊಳಗೆ ನಡೆದು, ಮುಂದಿನ ನಿಲ್ದಾಣದಲ್ಲಿ ಹತ್ತಬಹುದು. ಅಲ್ಲಿನ ಚಾರಣಿಗರ ಸಂಘ ಹುಟ್ಟಿದ್ದು 1888ರಲ್ಲಿ, ಮರುವರ್ಷವೇ ಮೊದಲ ಕಾಲುದಾರಿಗೆ ಬಣ್ಣದ ಗುರುತು ಹಾಕಿತು. ಇಂದು ಅಂಥ ದಾರಿಗಳು 40,000 ಕಿ.ಮೀ.ಗೂ ಹೆಚ್ಚು. ಸಂಘದ ಸ್ವಯಂಸೇವಕರು ಡಬ್ಬ, ಕುಂಚ ಹಿಡಿದು ಹೋಗಿ ಮರ ಮರಕ್ಕೆ ಬಣ್ಣ ಬಳಿಯುತ್ತಾರೆ. ಗುರುತು ಅಂಗೈಯಗಲ, ಮೂರು ಪಟ್ಟಿ: ಮೇಲೆ ಕೆಳಗೆ ಬಿಳಿ, ನಡುವೆ ಕೆಂಪು, ನೀಲಿ, ಹಸಿರು ಅಥವಾ ಹಳದಿ. ಒಂದು ಬಣ್ಣ ಹಿಡಿದು ಹೊರಟರೆ ಭಾಷೆ ಬಾರದಿದ್ದರೂ ದಾರಿ ತಪ್ಪುವುದು ಕಷ್ಟ.

ನಿಮ್ಮ ತಾಯಿಗೆ ಮಂಡಿ ನೋವಿದ್ದರೆ ಅವರು ಊರ ಚೌಕದಲ್ಲಿ ಕಾಫಿ ಕುಡಿಯುತ್ತಿರಲಿ, ನೀವಿಬ್ಬರು ನಡೆದು ಬನ್ನಿ. ಎಷ್ಟು ದೂರ ಉಳಿದಿದೆ ಎಂದು ಯಾರನ್ನೂ ಕೇಳಬೇಕಿಲ್ಲ. ದಾರಿ ಕವಲೊಡೆಯುವಲ್ಲಿ ಕಂಬಕ್ಕೆ ಫಲಕ ಹೊಡೆದಿರುತ್ತಾರೆ: ಊರಿನ ಹೆಸರು, ಪುಟ್ಟ ರೈಲಿನ ಚಿತ್ರ, ಎದುರಿಗೆ 3.5 ಕಿ.ಮೀ.