ಗಾಯದ ಸುಳಿವು ಹಿಡಿಯುವ ಬ್ಯಾಕ್ಟೀರಿಯಾ

ಚಾಟಣಿ, ಅಂದರೆ ಬಳ್ಳಿ ಸವರುವ ಕೆಲಸ, ಆದ ಮರುದಿನ ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ದ್ರಾಕ್ಷಿ ಪಡದೊಳಗೆ ಕಾಲಿಟ್ಟರೆ, ಕಡಿದ ಕಡ್ಡಿಯ ತುದಿಯಲ್ಲಿ ರಸ ಜಿನುಗಿ, ಹನಿಗಟ್ಟಿ, ಎರೆಮಣ್ಣಿಗೆ ಬೀಳುತ್ತಿರುತ್ತದೆ. ನಮಗದು ಬಳ್ಳಿ ಚಿಗುರುವ ಲಕ್ಷಣ. ಮಣ್ಣಲ್ಲಿರುವ ಅಗ್ರೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾಕ್ಕೆ ಮಾತ್ರ ಬಳ್ಳಿಯ ಮೈಮೇಲಿನ ಗಾಯವೇ ಸುದ್ದಿ.

ಗಿಡದ ಬುಡದಲ್ಲಿ ಗಂಟು ಕಟ್ಟುವ ಬುಡಗಂಟು ರೋಗಕ್ಕೆ ಈ ಬ್ಯಾಕ್ಟೀರಿಯಾ ಕಾರಣವೆಂದು 1907ರಲ್ಲಿ ಅಮೆರಿಕದ ಸ್ಮಿತ್ ಮತ್ತು ಟೌನ್‌ಸೆಂಡ್ ತೋರಿಸಿದರು. ಬ್ಯಾಕ್ಟೀರಿಯಾ ಇಲ್ಲವಾದ ಮೇಲೂ ಗಂಟು ಬೆಳೆಯುತ್ತದೆಂಬುದು 1940ರ ದಶಕದಲ್ಲಿ, ಅದರ ಮೂಲ ಬ್ಯಾಕ್ಟೀರಿಯಾದೊಳಗಿನ ಟಿಐ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರ ಎಂಬುದು 1974ರಲ್ಲಿ, ಆ ಪ್ಲಾಸ್ಮಿಡ್‌ನ ತುಣುಕು ಗಿಡದ ಡಿಎನ್‌ಎಯಲ್ಲೇ ಸೇರಿಕೊಳ್ಳುತ್ತದೆಂಬುದು 1977ರಲ್ಲಿ ಗೊತ್ತಾಯಿತು. ಆದರೆ ಗಾಯವಾದಲ್ಲೇ ಏಕೆ?

ಉತ್ತರ ಸಿಕ್ಕಿದ್ದು 1985ರಲ್ಲಿ, ಬೆಲ್ಜಿಯಂನ ಗೆಂಟ್‌ನಲ್ಲಿ; ಅದೂ ನಿಪ್ಪಾಣಿಯವರಿಗೆ ಚೆನ್ನಾಗಿ ಗೊತ್ತಿರುವ ತಂಬಾಕಿನಿಂದ. ಗಾಯಗೊಂಡ ತಂಬಾಕಿನ ಜೀವಕೋಶಗಳು ಹೊರಬಿಡುವ ಅಸಿಟೋಸಿರಿಂಗೋನ್ ಎಂಬ ಫೀನಾಲ್ ಬ್ಯಾಕ್ಟೀರಿಯಾದ ‘ವಿರ್’ ಎಂಬ ರೋಗಕಾರಕ ಜೀನ್‌ಗಳನ್ನು ಎಬ್ಬಿಸುತ್ತದೆಂದು ಸ್ಟಾಷೆಲ್, ಝಾಂಬ್ರಿಸ್ಕಿ ಮತ್ತು ಸಂಗಡಿಗರು ಕಂಡುಕೊಂಡರು. ಗಿಡ ತನ್ನ ಗಾಯ ಮುಚ್ಚಿಕೊಳ್ಳಲು ಹೂಡುವ ರಸಾಯನವೇ ವೈರಿಗೆ ಕರೆಯೋಲೆಯಾಗುತ್ತದೆ. ಬ್ಯಾಕ್ಟೀರಿಯಾದ ಪೊರೆಯಲ್ಲಿರುವ ವಿರ್‌ಎ ಪ್ರೋಟೀನ್ ಸುಳಿವು ಹಿಡಿದು, ವಿರ್‌ಜಿ ಎಂಬ ಇನ್ನೊಂದು ಪ್ರೋಟೀನಿಗೆ ಫಾಸ್ಫೇಟ್ ದಾಟಿಸುತ್ತದೆ; ವಿರ್‌ಜಿ ಉಳಿದ ವಿರ್ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಇದಕ್ಕೆ ಸಕ್ಕರೆಯೂ ಬೇಕು, ಹುಳಿಯೂ ಬೇಕು: ಪಿಎಚ್ ಸುಮಾರು 5.5. ನಮ್ಮ ಎರೆಭೂಮಿ ಕ್ಷಾರದ್ದು ನಿಜ, ಆದರೆ ಬ್ಯಾಕ್ಟೀರಿಯಾ ಓದುವುದು ಹೊಲದ ಮಣ್ಣನ್ನಲ್ಲ, ಗಾಯದ ರಸವನ್ನು. ಉಷ್ಣಾಂಶ 30 ಡಿಗ್ರಿ ದಾಟಿದರೆ ಈ ಏರ್ಪಾಡು ಮಂಕಾಗುತ್ತದೆ.

ಈ ಪ್ಲಾಸ್ಮಿಡ್‌ನಿಂದ ಗಂಟು ಕಟ್ಟುವ ಜೀನ್ ತೆಗೆದು, ಬೇರೆ ಜೀನ್ ತುರುಕಿ ಗಿಡಕ್ಕೆ ಸೇರಿಸುವ ವಿದ್ಯೆ 1983ಕ್ಕೇ ಬಂದಿತ್ತು. 2002ರಲ್ಲಿ ಭಾರತಕ್ಕೆ ಬಂದ ಬಿಟಿ ಹತ್ತಿಯೂ ಅದರದ್ದೇ ಫಲ. ಆಮೇಲೆ ಬ್ಯಾಕ್ಟೀರಿಯಾದ ಮಾತೆಂದರೆ ಬಿಟಿಯ ಜಗಳವೇ ಆಗಿ, ಗಾಯದ ಸಂಗತಿ ಹಿಂದೆ ಬಿತ್ತು.

ಗಂಟು ಕಂಡರೆ ಪಡದಲ್ಲಿ ಮೊದಲು ಕೇಳುವ ಮಾತು, ‘ಏನ್ ಹೊಡೀಬೇಕ್ರಿ?’ ಎದ್ದ ಗಂಟಿಗೆ ಔಷಧ ಹೊಡೆದು ಫಲವಿಲ್ಲ. ಅಷ್ಟೊತ್ತಿಗೆ ಗಿಡದ ಜೀವಕೋಶಗಳೇ ತಾವಾಗಿ ಬೆಳೆಯುತ್ತಿರುತ್ತವೆ. ಈ ಬ್ಯಾಕ್ಟೀರಿಯಾಗಳ ಪೈಕಿ ದ್ರಾಕ್ಷಿಗೆ ಹತ್ತುವ ವಿಟಿಸ್ ಪ್ರಭೇದವಂತೂ ಬಳ್ಳಿಯೊಳಗೇ ಹರಡಿ, ಹೊರಗೆ ಕಾಣಿಸದೆ ಕಲಂ ಕಡ್ಡಿಯ ಜೊತೆ ಊರೂರು ದಾಟುತ್ತದೆ. ಸಸಿ ತರುವ ಮುನ್ನ ತಾಯಿಗಿಡದ ಬುಡವನ್ನು, ಡಾಗ್‌ರಿಡ್ಜ್ ಎಂಬ ಬೇರುಸಸಿಗೆ ಕಲಂ ಕಟ್ಟಿದ ಜಾಗವನ್ನು ಕೈಯಾಡಿಸಿ ನೋಡಿ. ಅಲ್ಲಿ ಸ್ಪಂಜಿನಂಥ ಗಂಟು ಸಿಕ್ಕರೆ, ಆ ಬಳ್ಳಿಯಿಂದ ಕಡ್ಡಿ ಕಡಿಯಬೇಡಿ.