ಜಿಮ್ಮಿನಲ್ಲಿ ಭಾರ ಯಾರ ಮೇಲೆ ಬೀಳುತ್ತದೆ?

ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಮುಂಗೈಯನ್ನು ನೆಲಕ್ಕೆ ಸಮವಾಗಿ ಚಾಚಿ, ಅಂಗೈಯಲ್ಲಿ 5 ಕೆಜಿಯ ಡಂಬೆಲ್ ಹಿಡಿದುಕೊಳ್ಳಿ. ಕೈ ಹೊತ್ತಿರುವುದು 5 ಕೆಜಿ. ಆದರೆ ತೋಳಿನ ಬೈಸೆಪ್ಸ್ ಸ್ನಾಯು ಎಷ್ಟು ಬಲದಿಂದ ಎಳೆಯುತ್ತಿದೆ? ಆ ಸ್ನಾಯು ಬಂದು ಮೂಳೆಗೆ ಅಂಟಿಕೊಳ್ಳುವ ಜಾಗ ಮೊಣಕೈ ಕೀಲಿನಿಂದ 5 ಸೆಂಟಿಮೀಟರ್ ಆಸುಪಾಸಿನಲ್ಲಿದೆ. ಡಂಬೆಲ್ ಇರುವುದು ಅದೇ ಕೀಲಿನಿಂದ ಸುಮಾರು 35 ಸೆಂಟಿಮೀಟರ್ ದೂರದಲ್ಲಿ. ಅಂದರೆ ಏಳು ಪಟ್ಟು ದೂರ. ಬೈಸೆಪ್ಸ್ ಒಂದೇ ಈ ಕೆಲಸ ಮಾಡಬೇಕಾದರೆ ಅದು 35 ಕೆಜಿ ಎತ್ತುವಷ್ಟು ಬಲ ಹಾಕಬೇಕು. ಮುಂಗೈಯ ಸ್ವಂತ ತೂಕವನ್ನೂ ಸೇರಿಸಿದರೆ ಇನ್ನೂ ಜಾಸ್ತಿ.

ಬಾಗಿಲನ್ನು ಅಂಚಿನಲ್ಲಿ ತಳ್ಳಿದರೆ ಒಂದು ಬೆರಳು ಸಾಕು. ಕೀಲಿನ ಪಕ್ಕದಲ್ಲೇ ತಳ್ಳಲು ಹೋದರೆ ಮೈಯ ಬಲವೆಲ್ಲ ಬೇಕು, ಅಲ್ವಾ? ನಮ್ಮ ಹೆಚ್ಚಿನ ಸ್ನಾಯುಗಳು ಹೀಗೆ ಕೀಲಿನ ಪಕ್ಕದಲ್ಲೇ ನಿಂತು ಎಳೆಯುತ್ತವೆ. ಇದನ್ನು ಮೊದಲು ಲೆಕ್ಕ ಹಾಕಿ ತೋರಿಸಿದವರು 17ನೇ ಶತಮಾನದ ಇಟಲಿಯ ಜೊವಾನಿ ಅಲ್ಫೊನ್ಸೊ ಬೊರೆಲ್ಲಿ. ಅಲ್ಲಿಯವರೆಗೆ ಸ್ನಾಯುಗಳು ಕಡಿಮೆ ಬಲದಲ್ಲಿ ದೊಡ್ಡ ಭಾರ ಎತ್ತುತ್ತವೆ ಎಂದೇ ಜನ ನಂಬಿದ್ದರು. ಬೊರೆಲ್ಲಿ ಅದನ್ನು ತಲೆಕೆಳಗು ಮಾಡಿದರು. ಎತ್ತುವ ಭಾರಕ್ಕಿಂತ ಸ್ನಾಯು ಹಾಕುವ ಬಲ ಎಷ್ಟೋ ಪಟ್ಟು ದೊಡ್ಡದು ಎಂದರು. ಈ ಏರ್ಪಾಡಿನಿಂದ ಲಾಭವೂ ಇದೆ. ಸ್ನಾಯು ಒಂದು ಸೆಂಟಿಮೀಟರ್ ಕುಗ್ಗಿದರೆ ಅಂಗೈ ಏಳು ಸೆಂಟಿಮೀಟರ್ ಮೇಲೇಳುತ್ತದೆ. ನಮಗೆ ವೇಗ ಸಿಗುತ್ತದೆ, ಅದರ ಬೆಲೆಯನ್ನು ಬಲದಲ್ಲಿ ಕೊಡುತ್ತೇವೆ.

ವ್ಯಾಯಾಮ ಮಾಡುವಾಗಿನ ಭಂಗಿ ಮತ್ತು ಚಲನೆಗೆ ಜಿಮ್ಮಿನಲ್ಲಿ ಫಾರ್ಮ್ ಎನ್ನುತ್ತಾರೆ. ‘ಫಾರ್ಮ್ ಸರಿ ಮಾಡಿ’ ಎಂದು ಕೇಳಿದಾಗಲೆಲ್ಲ ನಾವು ಕನ್ನಡಿ ನೋಡುತ್ತೇವೆ. ಚಂದವಾಗಿ ಕಾಣುತ್ತಿದ್ದೇವಾ, ಪೋಸ್ಟರಿನಲ್ಲಿರುವವರ ಹಾಗೆ ನಿಂತಿದ್ದೇವಾ ಎಂದು. ನನ್ನ ಪ್ರಕಾರ ಫಾರ್ಮಿಗೂ ಅಂದಕ್ಕೂ ಸಂಬಂಧವೇ ಇಲ್ಲ. ಭಾರ ಯಾವ ಕೀಲಿನಿಂದ ಎಷ್ಟು ದೂರದಲ್ಲಿದೆ? ಆ ದೂರದ ಲೆಕ್ಕವನ್ನು ಯಾವ ಸ್ನಾಯು ತೀರಿಸುತ್ತಿದೆ? ಫಾರ್ಮ್ ಎಂದರೆ ಈ ಎರಡು ಪ್ರಶ್ನೆ ಅಷ್ಟೇ. ಕೆಲವೇ ಸೆಂಟಿಮೀಟರ್ ಆಚೀಚೆ ಆದರೂ ಈ ಲೆಕ್ಕದ ಬಿಲ್ ಬೇರೆಯವರ ಹೆಸರಿಗೆ ಹೋಗುತ್ತದೆ.

ಡೆಡ್‌ಲಿಫ್ಟ್ ನೋಡಿ. ನೆಲದ ಮೇಲಿರುವ ಬಾರ್ ಅನ್ನು (ಭಾರದ ಉದ್ದ ಸರಳು) ಬಾಗಿ ಹಿಡಿದು ಎದ್ದು ನಿಲ್ಲುವ ವ್ಯಾಯಾಮ. ಬೆನ್ನನ್ನು ನೆಟ್ಟಗೆ ಹಿಡಿಯುವ ಸ್ನಾಯುಗಳು ಬೆನ್ನುಮೂಳೆಯ ಡಿಸ್ಕಿನ (ಮೂಳೆಗಳ ನಡುವಿನ ಮೆತ್ತೆ) ನಡುಭಾಗದಿಂದ ಸುಮಾರು 5 ಸೆಂಟಿಮೀಟರ್ ಹಿಂದಿವೆ. ಬಾರ್‌ನ ತೂಕ 20 ಕೆಜಿ, ಅದು ಸೊಂಟದ ಡಿಸ್ಕಿನಿಂದ 30 ಸೆಂಟಿಮೀಟರ್ ಮುಂದಿದೆ ಎಂದುಕೊಳ್ಳಿ. ಬಾರ್ ಒಂದಕ್ಕೇ ಬೆನ್ನಿನ ಸ್ನಾಯುಗಳು 120 ಕೆಜಿಯಷ್ಟು ಎಳೆಯಬೇಕು. ಬಾರ್ ಇನ್ನು 10 ಸೆಂಟಿಮೀಟರ್ ಮುಂದೆ ಸರಿದರೆ ಅದು 160 ಆಗುತ್ತದೆ. ಬಾರ್‌ನ ತೂಕ ಒಂದು ಗ್ರಾಮ್ ಕೂಡ ಹೆಚ್ಚಿಲ್ಲ, ಬೆನ್ನಿಗೆ ಮಾತ್ರ 40 ಕೆಜಿ ಹೆಚ್ಚಾಯಿತು. ಅದೇ 60 ಕೆಜಿ ಎತ್ತುವವರಿಗೆ ಆ ಹತ್ತು ಸೆಂಟಿಮೀಟರ್‌ನ ದಂಡ 120 ಕೆಜಿ. ಮುಂದೆ ಬಾಗಿರುವ ತಲೆ, ತೋಳು, ಎದೆಯ ತೂಕ ಇದರಲ್ಲಿ ಸೇರಿಲ್ಲ.

‘ಬಾರ್ ಕಾಲಿಗೆ ತಾಗಿಕೊಂಡೇ ಮೇಲೆ ಬರಲಿ’ ಎಂದು ಅನುಭವಸ್ಥರು ಹೇಳುವುದು ಇದಕ್ಕೇ. ಬಾರ್ ಪಾದದ ನಡುಭಾಗದ ಮೇಲೆ ನೆಟ್ಟಗೆ ಏರಬೇಕು, ಮೊಣಕಾಲಿನ ಕೆಳಗಿನ ಮೂಳೆಯನ್ನು ಸವರಿಕೊಂಡೇ ಹೋಗಬೇಕು. ಬಾಗುವುದು ಸೊಂಟದ ಕೀಲಿನಲ್ಲಿ ಆಗಬೇಕು, ಪೃಷ್ಠ ಹಿಂದಕ್ಕೆ ಹೋಗಬೇಕು. ಹಾಗೆ ಬಾಗಿದಾಗ ತೊಡೆಯ ಹಿಂಭಾಗ ಬಿಗಿಯುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಅಲ್ಲಿ ಏನೂ ಗೊತ್ತಾಗದೆ ಬರೀ ಕೆಳಬೆನ್ನಿನಲ್ಲಿ ಎಳೆದ ಹಾಗಾದರೆ, ಬಿಲ್ ಎಲ್ಲಿಗೆ ಹೋಯಿತು ಎಂದು ತಿಳಿದಂತಾಯಿತು.

1960ರ ದಶಕದಲ್ಲಿ ಸ್ವೀಡನ್ನಿನ ಮೂಳೆ ತಜ್ಞ ಆಲ್ಫ್ ನಾಕೆಮ್ಸನ್ ಒಂದು ಧೈರ್ಯದ ಕೆಲಸ ಮಾಡಿದರು. ಜೀವಂತ ಮನುಷ್ಯರ ಬೆನ್ನಿನ ಡಿಸ್ಕಿನೊಳಗೆ ಸೂಜಿ ತೂರಿಸಿ, ಬೇರೆ ಬೇರೆ ಭಂಗಿಯಲ್ಲಿ ಒತ್ತಡ ಎಷ್ಟಿರುತ್ತದೆ ಎಂದು ಅಳೆದರು. ಸುಮ್ಮನೆ ನಿಂತಾಗಿನದಕ್ಕಿಂತ, ಭಾರ ಹಿಡಿದು ಮುಂದೆ ಬಾಗಿದಾಗ ಒತ್ತಡ ಬಹಳ ಏರಿತು. ಇಷ್ಟು ಕೇಳಿದ್ದೇ ತಡ, ‘ಬೆನ್ನು ಒಂಚೂರೂ ಬಾಗಬಾರದು’ ಎಂಬ ಕಟ್ಟಳೆ ಮಾಡುವವರಿದ್ದಾರೆ. ಅದು ಅತಿಯಾಯಿತು. ಸೆನ್ಸರ್ ಅಂಟಿಸಿ ಅಳೆದರೆ, ಹೊರಗೆ ಕೋಲಿನಂತೆ ನೇರ ಕಾಣುವ ಬೆನ್ನೂ ಭಾರ ಎತ್ತುವಾಗ ಸ್ವಲ್ಪ ಬಾಗಿಯೇ ಇರುತ್ತದೆ. ಬೆನ್ನುಮೂಳೆ ಇರುವುದೇ ಬಾಗಲು. ಅಭ್ಯಾಸವಿಲ್ಲದ ಭಾರ ಹಿಡಿದು, ಅರ್ಧ ದಾರಿಯಲ್ಲಿ ಬೆನ್ನು ಹಿಡಿತ ತಪ್ಪಿ ಬಾಗುತ್ತದಲ್ಲ, ಹೆದರಬೇಕಾದ್ದು ಅದಕ್ಕೆ. ನಿಧಾನವಾಗಿ, ವಾರಗಟ್ಟಲೆ ಭಾರ ಏರಿಸಿಕೊಂಡು ಬಂದರೆ ಮೂಳೆ, ಸ್ನಾಯು, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಎಲ್ಲವೂ ಗಟ್ಟಿಯಾಗುತ್ತವೆ. ಸ್ನಾಯುರಜ್ಜು ಮಾತ್ರ ಸ್ನಾಯುವಿಗಿಂತ ನಿಧಾನ. ಅದಕ್ಕೆ ಕಾಯುವ ತಾಳ್ಮೆ ಬೇಕು.

ಉಸಿರಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಉಸಿರು ತುಂಬಿಕೊಂಡು ಹೊಟ್ಟೆ ಬಿಗಿದರೆ ಒಳಗೆ ಒತ್ತಡ ಏರಿ ನಡು ಗಟ್ಟಿಯಾಗುತ್ತದೆ. ದೊಡ್ಡ ಭಾರ ಎತ್ತುವವರು ಇದನ್ನು ಬೇಕೆಂದೇ ಮಾಡುತ್ತಾರೆ. ಆದರೆ ಅದೇ ಹೊತ್ತಿಗೆ ರಕ್ತದೊತ್ತಡವೂ ಮೇಲಕ್ಕೆ ಹಾರುತ್ತದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಬಾಡಿಬಿಲ್ಡರ್‌ಗಳು ಭಾರ ಎತ್ತುತ್ತಿರುವಾಗಲೇ ಅವರ ರಕ್ತನಾಳದೊಳಗಿನ ಒತ್ತಡ ಅಳೆದು, 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡೂ ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್ಸಿನಲ್ಲಿ ಸರಾಸರಿ 320/250 ಬಂತು. ಒಬ್ಬರಲ್ಲಿ 480/350 ದಾಟಿತು. ವಿಶ್ರಾಂತಿಯಲ್ಲಿ 120/80 ಇರುವ ಜಾಗದಲ್ಲಿ! ಸೆಟ್ (ಒಂದೇ ಸಮ ಮಾಡುವ ಒಂದು ಸುತ್ತು) ಮುಗಿದ ಕೂಡಲೇ ಅದು ಇಳಿಯುತ್ತದೆ, ಆರೋಗ್ಯವಂತರ ದೇಹ ಅದನ್ನು ತಡೆದುಕೊಳ್ಳುತ್ತದೆ. ಆದರೆ ಬಿಪಿ, ಹೃದಯದ ತೊಂದರೆ, ಕಣ್ಣಿನ ಒಳಪರದೆಯ ತೊಂದರೆ ಇರುವವರು ಉಸಿರು ಕಟ್ಟಲೇಬಾರದು. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ, ಮೊದಲು ವೈದ್ಯರನ್ನು ಕೇಳಿ.

ಈಗ ಸ್ಕ್ವಾಟ್, ಅಂದರೆ ಭಾರ ಹೊತ್ತು ಕುಳಿತೇಳುವ ವ್ಯಾಯಾಮ. ‘ಮೊಣಕಾಲು ಕಾಲ್ಬೆರಳನ್ನು ದಾಟಬಾರದು’ ಎಂಬ ಮಾತನ್ನು ಜಿಮ್ಮಿನಲ್ಲಿ ಕೇಳದವರಿಲ್ಲ. 2003ರಲ್ಲಿ ಅಮೆರಿಕದ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಅನುಭವವಿರುವವರು ಹೆಗಲ ಮೇಲೆ ಬಾರ್ ಇಟ್ಟು ಒಮ್ಮೆ ತಮ್ಮ ಪಾಡಿಗೆ ಕುಳಿತೆದ್ದರು. ಇನ್ನೊಮ್ಮೆ ಮುಂದೆ ಹಲಗೆ ಅಡ್ಡ ಇಟ್ಟು, ಮೊಣಕಾಲು ಮುಂದೆ ಹೋಗದಂತೆ ತಡೆಯಲಾಯಿತು. ಹಲಗೆ ಇದ್ದಾಗ ಮೊಣಕಾಲಿನ ಮೇಲಿನ ತಿರುಚು ಬಲ (ಬಲವನ್ನು ಕೀಲಿನಿಂದ ಅದರ ದೂರಕ್ಕೆ ಗುಣಿಸಿದ್ದು) 150 ನ್ಯೂಟನ್-ಮೀಟರ್‌ನಿಂದ 117ಕ್ಕೆ ಇಳಿಯಿತು. ಒಳ್ಳೆಯದೇ ಅಲ್ವಾ? ಆದರೆ ಸೊಂಟದ ಕೀಲಿನಲ್ಲಿ ಅದು 28ರಿಂದ 303ಕ್ಕೆ ಏರಿತು. ಹತ್ತು ಪಟ್ಟಿಗಿಂತ ಜಾಸ್ತಿ! ಮೊಣಕಾಲು ಮುಂದೆ ಹೋಗದಿದ್ದರೆ ಬೀಳದಿರಲು ಎದೆ ಮುಂದೆ ಬಾಗಲೇಬೇಕು. ಎದೆ ಬಾಗಿದರೆ ಬಾರ್ ಸೊಂಟದಿಂದ ದೂರ ಹೋಗುತ್ತದೆ. ಮೊಣಕಾಲಿಗೆ ಉಳಿಸಿದ್ದನ್ನು ಸೊಂಟ ಮತ್ತು ನಡು ಬಡ್ಡಿ ಸಮೇತ ತೀರಿಸಿದವು. ಈ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಫಾರ್ಮಿನಲ್ಲಿ ಯಾವ ಬದಲಾವಣೆಯೂ ಬಿಟ್ಟಿ ಬರುವುದಿಲ್ಲ ಎಂಬುದನ್ನು ಅದು ಎರಡೇ ಸಂಖ್ಯೆಯಲ್ಲಿ ತೋರಿಸುತ್ತದೆ.

ಹಾಗಾದರೆ ಸರಿ ಯಾವುದು? ಅದು ನಿಮ್ಮ ತೊಡೆಮೂಳೆಯನ್ನು ಕೇಳಬೇಕು. ತೊಡೆ ಉದ್ದ, ಮುಂಡ ಗಿಡ್ಡ ಇರುವವರು ಎಷ್ಟೇ ಹರಸಾಹಸ ಮಾಡಿದರೂ ನೆಟ್ಟಗೆ ಕೂರಲಾರರು. ಅವರ ಎದೆ ಮುಂದೆ ಬಾಗುವುದು ತಪ್ಪಲ್ಲ, ಅವರ ಮೂಳೆಯ ಲೆಕ್ಕವೇ ಹಾಗೆ. ಪಾದದ ಕೀಲು ಬಿಗಿ ಇರುವವರಿಗೆ ಹಿಮ್ಮಡಿ ಮೇಲೇಳುತ್ತದೆ. ಅಂಥವರು ಹಿಮ್ಮಡಿಯ ಕೆಳಗೆ ಬಾರ್‌ಗೆ ಹಾಕುವ ತೆಳು ಕಬ್ಬಿಣದ ತಟ್ಟೆ ಇಟ್ಟುಕೊಂಡರೆ ಎದೆ ತಾನಾಗಿ ಎದ್ದು ನಿಲ್ಲುತ್ತದೆ. ಪಾದ ಎಷ್ಟು ಅಗಲ, ಬೆರಳು ಎಷ್ಟು ಹೊರಗೆ ಎಂಬುದೂ ಸೊಂಟದ ಕೀಲಿನ ಗುಳಿ ಹೇಗಿದೆ ಎಂಬುದರ ಮೇಲೆ ನಿಂತಿದೆ. ಎಲ್ಲರಿಗೂ ಒಂದೇ ಆಗಿರುವುದು ಮೂರು ಮಾತು ಮಾತ್ರ: ಇಡೀ ಪಾದ ನೆಲದಲ್ಲಿರಲಿ, ಬಾರ್ ಪಾದದ ನಡುವಿನ ಮೇಲಿರಲಿ, ಮೊಣಕಾಲು ಬೆರಳು ತೋರಿಸುವ ದಿಕ್ಕಿಗೇ ಹೋಗಲಿ. ಅದು ಒಳಕ್ಕೆ ವಾಲುತ್ತಿದ್ದರೆ ಭಾರ ಇಳಿಸಿ. ಪಕ್ಕದವರ ಸ್ಕ್ವಾಟ್ ನೋಡಿ ನಿಮ್ಮದನ್ನು ಅಳೆಯಬೇಡಿ.

ಹೆಗಲಿನದು ಬೇಗ ಮುಗಿಯುವ ಮಾತು. ತೋಳಿನ ಮೂಳೆಗೂ ಹೆಗಲ ಮೇಲಿನ ಮೂಳೆಗೂ ನಡುವಿನ ಸಂದು ಸುಮಾರು ಒಂದು ಸೆಂಟಿಮೀಟರ್. ಅದರೊಳಗೆ ಸ್ನಾಯುರಜ್ಜು ಹಾದುಹೋಗುತ್ತದೆ. ಬೆಂಚಿನ ಮೇಲೆ ಮಲಗಿ ಬಾರ್ ಅನ್ನು ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್ಸಿನಲ್ಲಿ, ಅದಕ್ಕೆ ಒತ್ತು ಬೀಳದಂತೆ ಮೊಣಕೈಯನ್ನು ಪೂರ್ತಿ ಅಗಲಿಸದೆ ಸ್ವಲ್ಪ ಮೈಕಡೆ ತಂದುಕೊಂಡರೆ ಹೆಚ್ಚಿನವರಿಗೆ ಹೆಗಲು ಹಾಯಾಗಿರುತ್ತದೆ.

ಇಷ್ಟೆಲ್ಲ ಗೊತ್ತಿದ್ದರೂ ದೇಹ ಹೇಳಿದಂತೆ ಕೇಳುತ್ತದಾ? ಮೊದಲ ಕೆಲವು ವಾರ ಕೇಳುವುದಿಲ್ಲ. ಹೊಸಬರ ಬಲ ಆ ವಾರಗಳಲ್ಲಿ ಸರ್ರನೆ ಏರುತ್ತದೆ, ಆದರೆ ಸ್ನಾಯು ಅಷ್ಟೊಂದು ದಪ್ಪಗಾಗಿರುವುದಿಲ್ಲ. ಕಲಿಯುತ್ತಿರುವುದು ನರಮಂಡಲ. ಸ್ನಾಯುವಿನ ಯಾವ ಎಳೆಯನ್ನು ಯಾವಾಗ ಎಬ್ಬಿಸಬೇಕು, ಯಾವುದನ್ನು ಸುಮ್ನೆ ಇರಿಸಬೇಕು ಎಂದು ಅದು ರೂಢಿ ಮಾಡಿಕೊಳ್ಳುತ್ತಿರುತ್ತದೆ. ಆಗ ತಪ್ಪು ಚಲನೆಯನ್ನೇ ನೂರಾರು ಸಲ ಮಾಡಿದರೆ ರೂಢಿಯಾಗುವುದೂ ಅದೇ. ಹಾಗಾಗಿ ಹೊಸಬರು ಹಗುರ ಭಾರದಲ್ಲೇ ಶುರು ಮಾಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಕಲಿಯುವಾಗ ಮನಸ್ಸು ಎಲ್ಲಿರಬೇಕು ಎಂಬುದನ್ನು ಗೇಬ್ರಿಯೆಲ್ ವುಲ್ಫ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ದೇಹದ ಭಾಗದ ಮೇಲೆ ಗಮನ ಇಟ್ಟವರಿಗಿಂತ, ಚಲನೆಯಿಂದ ಹೊರಗೆ ಏನಾಗಬೇಕು ಎಂಬುದರ ಮೇಲೆ ಗಮನ ಇಟ್ಟವರು ಸಾಮಾನ್ಯವಾಗಿ ಚೆನ್ನಾಗಿ ಕಲಿಯುತ್ತಾರೆ. ‘ಮೊಣಕಾಲು ಬಿಡಿಸಿ, ತೊಡೆ ಬಿಗಿಯಿರಿ’ ಎಂದು ಯೋಚಿಸುವ ಬದಲು ‘ನೆಲವನ್ನು ಕೆಳಕ್ಕೆ ಒತ್ತಿ’ ಎಂದು ಯೋಚಿಸಿ ನೋಡಿ. ಸ್ಕ್ವಾಟ್‌ನಲ್ಲಿ ಏಳುವುದು ಆ ಕ್ಷಣವೇ ಬದಲಾಗುತ್ತದೆ.

ಫಾರ್ಮ್ ಕೆಡುವುದು ಹೆಚ್ಚಾಗಿ ದಣಿದಾಗ. ಕರ್ಲ್ (ಮೊಣಕೈ ಮಡಚಿ ಡಂಬೆಲ್ ಎತ್ತುವುದು) ಮಾಡುವವರ ಕೊನೆಯ ಎರಡು ರೆಪ್, ಅಂದರೆ ಕೊನೆಯ ಎರಡು ಸಲ ಎತ್ತುವುದನ್ನು ಗಮನಿಸಿ. ಸೊಂಟ ಹಿಂದೆ ಮುಂದೆ ತೂಗಿ, ಡಂಬೆಲ್ ಅರ್ಧ ದಾರಿ ತನ್ನ ಓಟದಲ್ಲೇ ಮೇಲೆ ಬರುತ್ತದೆ. ಬೈಸೆಪ್ಸ್‌ಗೆ ತೀರಾ ಕಷ್ಟವಾಗುವ ಜಾಗ ಮುಂಗೈ ನೆಲಕ್ಕೆ ಸಮ ಇರುವಾಗ, ಏಕೆಂದರೆ ಆಗಲೇ ಡಂಬೆಲ್ ಮೊಣಕೈಯಿಂದ ಅಡ್ಡಕ್ಕೆ ಅತಿ ದೂರ. ತೂಗಾಟ ಸರಿಯಾಗಿ ಆ ಜಾಗವನ್ನೇ ಹಾರಿಸಿಬಿಡುತ್ತದೆ. ಇಳಿಸುವಾಗ ಧೊಪ್ಪನೆ ಬಿಟ್ಟರೆ ಇನ್ನರ್ಧ ವ್ಯಾಯಾಮವೂ ಹೋಯಿತು. ಸ್ನಾಯು ಉದ್ದವಾಗುತ್ತಾ ಭಾರ ತಡೆಯುವಾಗ, ಕುಗ್ಗುವಾಗಿನದಕ್ಕಿಂತ ಜಾಸ್ತಿ ಬಲ ಹಾಕಬಲ್ಲದು. ಎತ್ತಿದ್ದಕ್ಕಿಂತ ನಿಧಾನವಾಗಿ ಇಳಿಸಿ. ಮೊದಮೊದಲು ಒಂದೆರಡು ದಿನ ಬಿಟ್ಟು ಮೈ ನೋಯುತ್ತದೆ, ಆಮೇಲೆ ಸ್ನಾಯು ಒಗ್ಗಿಕೊಳ್ಳುತ್ತದೆ.

ಓಟ, ಸೈಕಲ್‌ನಂಥ ಕಾರ್ಡಿಯೋಗೆ ಫಾರ್ಮ್ ಯಾಕೆ ಎಂದು ಕೇಳುವವರಿದ್ದಾರೆ. ಅಲ್ಲಿ ಭಾರ ನಾವೇ. ಓಡುವಾಗ ಪ್ರತಿ ಹೆಜ್ಜೆಗೂ ನೆಲ ನಮ್ಮ ತೂಕದ ಎರಡರಿಂದ ಮೂರು ಪಟ್ಟು ಬಲದಿಂದ ತಿರುಗಿ ಒತ್ತುತ್ತದೆ. ನಿಮಿಷಕ್ಕೆ 160 ಹೆಜ್ಜೆಯಂತೆ ಅರ್ಧ ಗಂಟೆಗೆ 4,800 ಸಲ. ಡೆಡ್‌ಲಿಫ್ಟ್ ಅನ್ನು ಯಾರೂ ಅಷ್ಟು ಸಲ ಮಾಡುವುದಿಲ್ಲ!

ಇಲ್ಲೂ ದೂರದ ಲೆಕ್ಕವೇ. ಉದ್ದುದ್ದ ಹೆಜ್ಜೆ ಹಾಕಿದರೆ ಪಾದ ಮೈಗಿಂತ ಬಹಳ ಮುಂದೆ ಹೋಗಿ ಬೀಳುತ್ತದೆ, ಪ್ರತಿ ಸಲವೂ ಬ್ರೇಕ್ ಹಾಕಿದಂತಾಗುತ್ತದೆ. ಅದೇ ವೇಗದಲ್ಲಿ ಹೆಜ್ಜೆಯ ಸಂಖ್ಯೆಯನ್ನು ಶೇ 5ರಿಂದ 10ರಷ್ಟು ಹೆಚ್ಚಿಸಿದರೆ ಹೆಜ್ಜೆ ಚಿಕ್ಕದಾಗಿ ಪಾದ ಮೈಯ ಹತ್ತಿರವೇ ಬೀಳುತ್ತದೆ. ಹಾಗೆ ಓಡಿಸಿ ಅಳೆದಾಗ ಮೊಣಕಾಲು ಮತ್ತು ಸೊಂಟ ಹೀರಬೇಕಾದ ಹೊಡೆತ ಚೆನ್ನಾಗಿಯೇ ಇಳಿದಿದೆ. ಟ್ರೆಡ್‌ಮಿಲ್ಲಿನಲ್ಲಿ ಇದನ್ನು ಇವತ್ತೇ ಮಾಡಿ ನೋಡಬಹುದು. ಹಾಂ, ಕೈ ಹಿಡಿಯುವ ಕಂಬಿ ಬಿಡಿ. ಇಳಿಜಾರು ಏರಿಸಿಕೊಂಡು ಕಂಬಿಗೆ ಜೋತುಬಿದ್ದರೆ ತೂಕವನ್ನು ತೋಳು ಹೊರುತ್ತದೆ, ಪರದೆಯ ಮೇಲಿನ ಕ್ಯಾಲರಿ ಸಂಖ್ಯೆ ಮಾತ್ರ ಏರುತ್ತಾ ಹೋಗುತ್ತದೆ. ಸಮತೋಲನದ ತೊಂದರೆ ಇರುವವರು ಹಿಡಿದುಕೊಳ್ಳಲಿ, ಉಳಿದವರು ವೇಗ ಇಳಿಸಿ ಕೈಬೀಸಿ ನಡೆಯಲಿ.

ಸೈಕಲ್ಲಿನಲ್ಲಿ ಪೆಡಲ್ ತೀರಾ ಕೆಳಗಿದ್ದಾಗ ಮೊಣಕಾಲು 25ರಿಂದ 35 ಡಿಗ್ರಿ ಬಾಗಿರುವಂತೆ ಸೀಟು ಏರಿಸಿಕೊಳ್ಳಿ. ರೋಯಿಂಗ್ ಯಂತ್ರದಲ್ಲಿ ಮೊದಲು ಕಾಲು ತಳ್ಳಲಿ, ಆಮೇಲೆ ಮುಂಡ ಹಿಂದೆ ವಾಲಲಿ, ಕೊನೆಗೆ ಕೈ ಎಳೆಯಲಿ. ವಾಪಸ್ ಹೋಗುವಾಗ ಇದರ ಉಲ್ಟಾ.

ಎಷ್ಟು ಜೋರಾಗಿ ಮಾಡಬೇಕು ಎಂಬುದಕ್ಕೆ ಎಲ್ಲರೂ 220ರಿಂದ ವಯಸ್ಸು ಕಳೆಯುತ್ತಾರೆ. 40 ವರ್ಷದವರಿಗೆ ಗರಿಷ್ಠ ಹೃದಯಬಡಿತ 180 ಎಂದಾಯಿತು. ಆದರೆ ಅದು ಸರಾಸರಿ ಮಾತ್ರ, ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ತೀರಾ ಮಾಮೂಲು. ನನಗೆ ಮಾತಾಡುವ ಪರೀಕ್ಷೆಯೇ ಹೆಚ್ಚು ನಂಬಿಕೆಯದು. ಪೂರ್ತಿ ವಾಕ್ಯ ಆಡಬಹುದು, ಹಾಡಲಾಗದು ಎಂದಾದರೆ ಮಧ್ಯಮ. ಎರಡು ಮೂರು ಪದಕ್ಕೇ ಉಸಿರು ಬೇಕಾದರೆ ಜೋರು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ, ಎರಡು ದಿನವಾದರೂ ಸ್ನಾಯು ಬಲದ ವ್ಯಾಯಾಮ ಬೇಕು ಎನ್ನುತ್ತದೆ.

ನಿಮ್ಮ ಫಾರ್ಮ್ ಹೇಗಿದೆ ಎಂದು ತಿಳಿಯಲು ಕನ್ನಡಿಗಿಂತ ಫೋನ್ ವಾಸಿ. ಕನ್ನಡಿ ನೋಡಲು ಕತ್ತು ತಿರುಗಿಸಬೇಕು, ಅಷ್ಟರಲ್ಲೇ ಭಂಗಿ ಬದಲಾಗುತ್ತದೆ. ಫೋನನ್ನು ಸೊಂಟದ ಎತ್ತರದಲ್ಲಿ, ಸರಿಯಾಗಿ ಪಕ್ಕಕ್ಕೆ ಇಟ್ಟು ಇಡೀ ಸೆಟ್ ರೆಕಾರ್ಡ್ ಮಾಡಿ. ಬಾರ್‌ನ ತುದಿಯಿಂದ ನೆಲಕ್ಕೆ ಒಂದು ನೇರ ಗೆರೆ ಎಳೆದಂತೆ ಊಹಿಸಿಕೊಳ್ಳಿ. ಅದು ಪಾದದ ಯಾವ ಜಾಗಕ್ಕೆ ಬೀಳುತ್ತದೆ ನೋಡಿ. ಮೊದಲ ರೆಪ್‌ನಲ್ಲಿ ಒಮ್ಮೆ ನೋಡಿ, ಕೊನೆಯ ರೆಪ್‌ನಲ್ಲಿ ಇನ್ನೊಮ್ಮೆ. ಎರಡೂ ಒಂದೇ ಜಾಗಕ್ಕೆ ಬಿದ್ದರೆ ಮುಂದಿನ ಸಲ ಭಾರ ಸ್ವಲ್ಪ ಏರಿಸಬಹುದು. ಬೆರಳ ಕಡೆಗೆ ಜಾರಿದ್ದರೆ ಅದೇ ಭಾರದಲ್ಲಿ ಇನ್ನೊಂದು ವಾರ ಇರಿ.