ಹಳೆಯ ನೆನಪಿನ ಚಿತ್ರಕ್ಕಾಗಿ ಊರು ಬಿಟ್ಟು ಹೋಗಬೇಕೆ?

ಪ್ರಶ್ನೆ: ನಮ್ಮದು ಸಾಧಾರಣ ಮನೆ, ಸಾಧಾರಣ ಬೀದಿ, ಕೈಯಲ್ಲಿರುವುದು ಮೊಬೈಲ್ ಮಾತ್ರ. ನೋಡಲು ಚೆನ್ನಾಗಿದ್ದು ಹಳೆಯ ನೆನಪನ್ನೂ ತರುವಂಥ ಫೋಟೋ ಇಲ್ಲಿಯೇ ಸಿಕ್ಕೀತೆ, ಅಥವಾ ಹಂಪಿಗೋ ಮಲೆನಾಡಿಗೋ ಹೋಗಬೇಕೆ?

ಉತ್ತರ: ಇಲ್ಲಿಯೇ ಸಿಗುತ್ತದೆ. ಯಾವ ವಸ್ತು ಯಾರ ಕೈಯಲ್ಲಿ ಹೇಗೆ ಸವೆದಿದೆ ಎಂಬುದು ನಿಮಗೆ ಚೆನ್ನಾಗಿ ಗೊತ್ತಿರುವ ಜಾಗ ಇದು; ಹಂಪಿಯಲ್ಲಿ ನೀವು ಪ್ರವಾಸಿಗರು. ಫ್ರಾನ್ಸಿನ ಛಾಯಾಗ್ರಾಹಕ ಯೂಜೀನ್ ಅಟ್ಜೆ (1857–1927) ಸುಮಾರು ಮೂರು ದಶಕಗಳ ಕಾಲ ಪ್ಯಾರಿಸಿನ ಅಂಗಡಿ ಮುಂಗಟ್ಟು, ಮೆಟ್ಟಿಲು, ಖಾಲಿ ಬೀದಿಗಳನ್ನು ಚಿತ್ರಿಸಿ, ಅವನ್ನು ಕಲಾವಿದರಿಗೂ ಗ್ರಂಥಾಲಯಗಳಿಗೂ ಕೇವಲ ದಾಖಲೆಗಳೆಂದು ಮಾರುತ್ತಿದ್ದರು. ಅವು ಕಲೆಯೆಂದು ವ್ಯಾಪಕ ಮನ್ನಣೆ ಪಡೆದದ್ದು ಅವರ ಕಾಲಾನಂತರ. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಕ್ಯಾಮೆರಾ ಕೂಡ ಹೆಚ್ಚಾಗಿ ತಿರುಗಿದ್ದು ಜನಸಾಮಾನ್ಯರ ದಿನನಿತ್ಯದ ಬದುಕಿನತ್ತಲೇ.

ಮೊದಲು ಸವೆತವನ್ನು ಹುಡುಕಿ. ಮನೆಯಲ್ಲಿ ಹಳೆಯ ಈಳಿಗೆಮಣೆ ಇದ್ದರೆ ನೋಡಿ: ತರಕಾರಿ ಹೆಚ್ಚುವಾಗ ಕಾಲೂರಿ ಒತ್ತುತ್ತಿದ್ದ ಕಡೆ ಮರ ನುಣುಪಾಗಿ ತಗ್ಗಾಗಿರುತ್ತದೆ, ಸಾಣೆ ಹಿಡಿದು ಹಿಡಿದು ಅಲಗು ಕಿರಿದಾಗಿರುತ್ತದೆ. ಅದನ್ನು ತೊಳೆದು ಬಿಳಿ ಬಟ್ಟೆಯ ಮೇಲಿಟ್ಟು ತೆಗೆದರೆ ವಸ್ತುಸಂಗ್ರಹಾಲಯದ ಚಿತ್ರವಾಗುತ್ತದೆಯೇ ಹೊರತು ನಿಮ್ಮ ಮನೆಯ ಚಿತ್ರವಾಗುವುದಿಲ್ಲ. ಅಡುಗೆಮನೆಯಲ್ಲಿ ಅದಿರುವ ಮೂಲೆಯಲ್ಲೇ ಬಿಡಿ. ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ ಕಾಯಿರಿ. ಎದುರಿನಿಂದ ಬೀಳುವ ಬೆಳಕಿನಲ್ಲಿ ಕಾಣದ ಗೀರು, ತಗ್ಗುಗಳೆಲ್ಲ ಪಕ್ಕದ ಬೆಳಕಿನಲ್ಲಿ ಸಣ್ಣ ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಮೊಬೈಲಿನ ಪರದೆಯಲ್ಲಿ ಕಾಣುವ ಮಣೆಯ ಮೇಲೆ ಬೆರಳನ್ನು ಒತ್ತಿ ಹಿಡಿದು ಬೆಳಕನ್ನು ತುಸು ಇಳಿಸಿ. ತೀರ ಹತ್ತಿರ ಹೋಗಬೇಡಿ, ಮೊಬೈಲಿನ ಅಗಲ ಲೆನ್ಸ್ ಮುಂದಿನ ಭಾಗವನ್ನು ಹಿಗ್ಗಿಸಿ ತೋರಿಸುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡುವುದು ಮೇಲು.

ಕಂದು ಬಣ್ಣದ ಫಿಲ್ಟರ್ ಹಾಕಬೇಕೆ ಎಂದು ಅನೇಕರು ಕೇಳುತ್ತಾರೆ. ಬೇಡವೆಂಬುದು ನನ್ನ ಅಭಿಪ್ರಾಯ. ಸೆಪಿಯಾ ಎನ್ನುವ ಆ ಕಂದು ಬಣ್ಣವೆಂದರೆ ಕಪ್ಪು-ಬಿಳುಪು ಪ್ರಿಂಟಿನಲ್ಲಿರುವ ಬೆಳ್ಳಿಯನ್ನು ಹೆಚ್ಚು ಬಾಳಿಕೆ ಬರುವ ಸಿಲ್ವರ್ ಸಲ್ಫೈಡ್ ಆಗಿ ಮಾರ್ಪಡಿಸುವ ರಾಸಾಯನಿಕ ಕ್ರಿಯೆಯ ಫಲ. ನಮ್ಮ ಆಲ್ಬಮ್ಮುಗಳಲ್ಲಿನ ಹಳೆಯ ಬಣ್ಣದ ಫೋಟೋಗಳು ಕೆಂಪಾಗಿ ಕಾಣುವುದಕ್ಕೆ ಕಾರಣವೇ ಬೇರೆ: ಅವುಗಳಲ್ಲಿ ಅನೇಕದರ ನೀಲಿ-ಹಸಿರು ಬಣ್ಣ ಉಳಿದವಕ್ಕಿಂತ ಬೇಗ ಮಾಸಿರುತ್ತದೆ. ಅಂದರೆ ಬಣ್ಣಗೆಟ್ಟಿದ್ದು ಕಾಗದ. ಅಜ್ಜಿಯ ಸೀರೆ ಆ ದಿನ ಹಸಿರಾಗಿಯೇ ಇತ್ತು.

ಹಳೆಯ ವಸ್ತುಗಳನ್ನಷ್ಟೇ ಹುಡುಕುವುದೂ ಒಂದು ಚಟವೇ. ಬೀದಿ ತುದಿಯಲ್ಲಿ ಹೂ ಮಾರುವವರ ಬುಟ್ಟಿಯ ಪಕ್ಕ ಕ್ಯೂಆರ್ ಕೋಡಿನ ಫಲಕ ಇದ್ದರೆ, ಅವರನ್ನು ಕೇಳಿ ಒಪ್ಪಿಗೆ ಪಡೆದು, ಫಲಕವನ್ನು ಸರಿಸದೆ ಚಿತ್ರ ತೆಗೆಯಿರಿ. ಇಪ್ಪತ್ತು ವರ್ಷಗಳ ಬಳಿಕ ನೋಡುವವರು ಮಲ್ಲಿಗೆಗಿಂತ ಮೊದಲು ಆ ಫಲಕವನ್ನೇ ಗುರುತಿಸಬಹುದು.

ತೆಗೆದ ಮೂಲ ಫೈಲನ್ನು ಬೇರೆಡೆ ಉಳಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದ ಪ್ರತಿ ಚಿಕ್ಕದಾಗುವುದಲ್ಲದೆ, ಅದರೊಳಗಿನ ದಿನಾಂಕ, ಸ್ಥಳಗಳ ವಿವರವೂ ಅಳಿಸಿಹೋಗುತ್ತದೆ. ಮಣೆ ಯಾರದು, ಯಾವ ಊರಿನಿಂದ ಬಂತು, ಈಗ ಯಾರು ಬಳಸುತ್ತಾರೆ ಎಂಬುದನ್ನಂತೂ ಯಾವ ಕ್ಯಾಮೆರಾವೂ ದಾಖಲಿಸುವುದಿಲ್ಲವಾದ್ದರಿಂದ, ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಕೇಳಿ ಚಿತ್ರದ ಜೊತೆ ಬರೆದಿಡಿ.